ಎಣ್ಣೆ ಕ್ಯಾನನ್ನು ಒಲೆಯ ಹತ್ತಿರ ತರಬೇಡಿ

ಬಾಣಲೆ ಕಾಯುತ್ತಿದ್ದ ಹಾಗೆ ಐದು ಲೀಟರಿನ ಕ್ಯಾನನ್ನು ಎತ್ತಿ ಗಳಗಳನೆ ಸುರಿಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಕೇಳಿದರೆ, "ಸ್ವಲ್ಪವೇ ಹಾಕಿದ್ದು" ಎನ್ನುತ್ತಾರೆ. ಆ ಸ್ವಲ್ಪ ಎಷ್ಟು ಎಂದು ಒಂದು ದಿನವಾದರೂ ಚಮಚದಲ್ಲಿ ಅಳೆದು ನೋಡಿದ್ದೀರಾ? ಅದೇ ಮನೆಯಲ್ಲಿ ತೂಕ ಏರಿತೆಂದು ರಾತ್ರಿ ಊಟ ಬಿಡುತ್ತಾರೆ, ಹನ್ನೊಂದು ಗಂಟೆಗೆ ಹಸಿವು ತಡೆಯಲಾಗದೆ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಾರೆ. ಊಟ ಬಿಡಬೇಡಿ. ಮೊದಲು ಆ ಸುರಿಯುವ ಕೈಯನ್ನು ತಿದ್ದಿಕೊಳ್ಳಿ.

ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ದೊಡ್ಡ ಚಮಚದ ತುಂಬ, ಅಂದರೆ 15 ಮಿಲಿ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಕ್ಯಾನಿನಿಂದ ಸುರಿದಾಗ ಅಂಥ ಮೂರು ನಾಲ್ಕು ಚಮಚ ಬಿದ್ದರೂ ಅಗಲ ಬಾಣಲೆಯಲ್ಲಿ ತೆಳ್ಳಗೆ ಹರಡಿಕೊಂಡು ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಇನ್ನು ಕೆಲವರು "ಇದು ಹೃದಯಕ್ಕೆ ಒಳ್ಳೆಯ ಎಣ್ಣೆ" ಎಂದು ಮತ್ತಷ್ಟು ಧಾರಾಳ ಮಾಡುತ್ತಾರೆ. ಕೊಬ್ಬಿನ ಗುಣದಲ್ಲಿ ಎಣ್ಣೆ ಎಣ್ಣೆಗೂ ವ್ಯತ್ಯಾಸವಿದೆ, ನಿಜ. ಕ್ಯಾಲೊರಿ ಲೆಕ್ಕದಲ್ಲಿ ಎಲ್ಲ ಎಣ್ಣೆಯೂ ಒಂದೇ. ಹಿಂದೆ ಎಣ್ಣೆ ಮಿಳ್ಳೆಯಲ್ಲಿರುತ್ತಿತ್ತು, ಸಣ್ಣ ಮೂತಿಯಿಂದ ಸಣ್ಣ ಧಾರೆ ಬರುತ್ತಿತ್ತು. ಪಾತ್ರೆಯೇ ಕೈಯನ್ನು ಹಿಡಿಯುತ್ತಿತ್ತು.

ಅದಕ್ಕೇ ವಾರದ ಬಾಟಲಿ ಇಡಿ ಎನ್ನುವುದು. ತಲೆಗೆ ದಿನಕ್ಕೆ ನಾಲ್ಕು ಟೀ ಚಮಚ, ಅಂದರೆ 20 ಮಿಲಿ ಎಂದಿಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ದಿನಕ್ಕೆ 80, ವಾರಕ್ಕೆ 560 ಮಿಲಿ ಆಯಿತು. 750 ಮಿಲಿ ಹಿಡಿಯುವ ಪಾರದರ್ಶಕ ಗಾಜಿನ ಬಾಟಲಿ ತೆಗೆದುಕೊಂಡು ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ. 80 ಮಿಲಿ ನೀರು ಅಳೆದು ಹಾಕಿ, ನೀರು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅಳತೆ ಲೋಟ ಇಲ್ಲದಿದ್ದರೆ ಹದಿನಾರು ಟೀ ಚಮಚ ಎಣಿಸಿ ಹಾಕಿ. ಹೀಗೆ ಏಳು ಗೆರೆ. ಸ್ಕೇಲ್ ಹಿಡಿದು ಸಮನಾಗಿ ಏಳು ಭಾಗ ಮಾಡಲು ಹೋಗಬೇಡಿ. ಬಾಟಲಿಯ ತಳ ಅಗಲ, ಕುತ್ತಿಗೆ ಸಪೂರ, ಲೆಕ್ಕ ಕೆಡುತ್ತದೆ. ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಸುತ್ತಿ, ಇಲ್ಲದಿದ್ದರೆ ಎಣ್ಣೆ ಕೈಗೆ ಎರಡೇ ದಿನದಲ್ಲಿ ಗೆರೆ ಅಳಿಸುತ್ತದೆ. ಆಮೇಲೆ ನೀರು ಚೆಲ್ಲಿ ಬಾಟಲಿಯನ್ನು ಒಂದು ಇಡೀ ದಿನ ಬೋರಲು ಹಾಕಿ ಒಣಗಿಸಿ. ಒಳಗೆ ಒಂದು ಹನಿ ಉಳಿದರೂ ಕಾದ ಬಾಣಲೆಯಲ್ಲಿ ಚಟಪಟ ಎಂದು ಮುಖಕ್ಕೆ ಸಿಡಿಯುತ್ತದೆ. ಮುಚ್ಚಳಕ್ಕೆ ಸಣ್ಣ ತೂತು ಇರಲಿ.

ಭಾನುವಾರ ಮೇಲಿನ ಗೆರೆಯವರೆಗೆ ತುಂಬಿ, ಕ್ಯಾನನ್ನು ಕೈಗೆ ಸುಲಭಕ್ಕೆ ಸಿಗದ ಕಡೆ ಇಡಿ. ಪ್ರತಿ ರಾತ್ರಿ ಎಣ್ಣೆ ಒಂದು ಗೆರೆ ಇಳಿದಿರಬೇಕು. ಇವತ್ತು ಒಂದೂವರೆ ಇಳಿದರೆ ನಾಳೆ ಅರ್ಧ. ಶುಕ್ರವಾರಕ್ಕೇ ಮುಗಿದುಹೋಯಿತೋ, ಭಾನುವಾರದವರೆಗೆ ಬೇಯಿಸಿದ್ದು, ಹಬೆಯಲ್ಲಿ ಮಾಡಿದ್ದು ತಿನ್ನಿ. "ಇದೊಂದು ಸಲ" ಎಂದು ಕ್ಯಾನ್ ತೆಗೆದಿರೋ, ಗೆರೆ ಎಳೆದದ್ದು ದಂಡ. ಬೆಣ್ಣೆ, ತುಪ್ಪವೂ ಇದೇ ಲೆಕ್ಕದೊಳಗೆ. ಅದನ್ನು ಒಂದು ಚಮಚ ಹಾಕಿಕೊಂಡರೆ ಅಷ್ಟು ಎಣ್ಣೆ ವಾರದ ಕೊನೆಗೆ ಬಾಟಲಿಯಲ್ಲಿ ಉಳಿದಿರಬೇಕು.

ಬೆಳಕು ಬಿದ್ದರೆ, ಒಲೆಯ ಶಾಖ ತಗುಲಿದರೆ ಎಣ್ಣೆ ಬೇಗ ಕಮಟುತ್ತದೆ, ಬಾಟಲಿ ಕಪಾಟಿನೊಳಗಿರಲಿ. ತೊಳೆಯದೆ ಮೇಲಿಂದ ಮೇಲೆ ತುಂಬುವುದೂ ಬೇಡ, ತಳದ ಹಳೇ ಜಿಡ್ಡು ಹೊಸ ಎಣ್ಣೆಯನ್ನೂ ಕೆಡಿಸುತ್ತದೆ. ಬಿಸಿನೀರು, ಸೋಪು, ಒಂದು ಹಿಡಿ ಅಕ್ಕಿ ಹಾಕಿ ಚೆನ್ನಾಗಿ ಕುಲುಕಿ. ಅಕ್ಕಿ ಒಳಗೆಲ್ಲ ಉಜ್ಜಿಕೊಂಡು ಬರುತ್ತದೆ. ಮಕ್ಕಳ ನೀರಿನ ಬಾಟಲಿಯನ್ನೂ ಹೀಗೇ ತೊಳೆಯಬಹುದು. ಅದರ ತಳ ನೋಡಿ ಎಷ್ಟು ದಿನವಾಯಿತೋ!

ಬಾಣಲೆಯನ್ನು ಮೊದಲು ಕಾಯಿಸಿ, ಆಮೇಲೆ ಎಣ್ಣೆ ಹಾಕಿ. ಬಿಸಿಗೆ ಎಣ್ಣೆ ತೆಳ್ಳಗಾಗಿ ಓಡುತ್ತದೆ, ಕಡಿಮೆ ಸಾಕಾಗುತ್ತದೆ. ಈರುಳ್ಳಿ ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ ಕೆದಕಿ; ತಳ ಹಿಡಿದಾಗಲೆಲ್ಲ ಎಣ್ಣೆ ಸುರಿಯುವುದು ಸೋಮಾರಿತನ. ಕರಿಯಲೇಬೇಕಾದ ದಿನ ಕರಿಯುವ ಮೊದಲು ಎಷ್ಟು ಎಣ್ಣೆ ಇತ್ತು, ಆರಿದ ಮೇಲೆ ಎಷ್ಟು ಉಳಿಯಿತು ಅಳೆಯಿರಿ. ಕಮ್ಮಿಯಾದದ್ದು ಹೆಚ್ಚುಕಡಿಮೆ ನಿಮ್ಮ ಹೊಟ್ಟೆಗೆ ಹೋದದ್ದೇ. ಎಣ್ಣೆ 170-180 ಡಿಗ್ರಿ ಕಾಯದೆ ಹಾಕಿದರೆ, ಒಮ್ಮೆಗೇ ತುಂಬ ಹಾಕಿ ಬಿಸಿ ಇಳಿಸಿದರೆ ತಿಂಡಿ ಎಣ್ಣೆ ಕುಡಿಯುತ್ತದೆ.

ತಾಯಂದಿರಿಗೆ ಒಂದು ಮಾತು: ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ದಂಡವಾಗುತ್ತದೆಂದು ಬಾಯಿಗೆ ಹಾಕಿಕೊಳ್ಳಬೇಡಿ. ಮೊದಲೇ ಕಡಿಮೆ ಬಡಿಸಿ, ಬೇಕೆಂದರೆ ಮತ್ತೆ ಕೊಡಿ. ಸಾಕು ಎಂದ ಮಗುವಿಗೆ ತುರುಕಲೂ ಬೇಡಿ. ತನ್ನ ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತು, ಆ ಅರಿವನ್ನು ನಾವೇ ಕೆಡಿಸುತ್ತೇವೆ. ದೊಡ್ಡವರು ನಿಧಾನವಾಗಿ ಉಣ್ಣಬೇಕು. ಹೊಟ್ಟೆ ತುಂಬಿತು ಎನ್ನುವುದು ಮಿದುಳಿಗೆ ತಿಳಿಯಲು ಇಪ್ಪತ್ತು ನಿಮಿಷದ ಹತ್ತಿರ ಬೇಕು, ಫೋನ್ ನೋಡುತ್ತ ಎಂಟೇ ನಿಮಿಷದಲ್ಲಿ ಮುಗಿಸಿದರೆ ತಿಳಿಯುವುದಾದರೂ ಹೇಗೆ? ಹಣ್ಣನ್ನು ಹಿಂಡಬೇಡಿ, ಹಾಗೇ ತಿನ್ನಿ. 330 ಮಿಲಿಯ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ, ಎಂಟು ಒಂಬತ್ತು ಟೀ ಚಮಚ ಸಕ್ಕರೆ ಇರುತ್ತದೆ. ಅದನ್ನು ಮನೆಗೆ ತರುವುದೇ ಬೇಡ.

ತಕ್ಕಡಿ ಹತ್ತಿ ದಿನಾ ಬೆಳಿಗ್ಗೆ ಗಾಬರಿಯಾಗುವ ಬದಲು ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು, ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಬಂದ ಅಂಕಿಯನ್ನು ಬಾಟಲಿ ಇಟ್ಟ ಕಪಾಟಿನ ಬಾಗಿಲ ಒಳಮೈಗೆ, ತಾರೀಖಿನ ಜೊತೆ ಬರೆದಿಡಿ.