ಎಚ್‌ಐವಿ ಇದ್ದವರು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳುವುದು ಹೇಗೆ?

ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದವರು ಸಹ ಈ ಲಸಿಕೆಯಲ್ಲಿ ಎಡವುತ್ತಾರೆ. ಸಾಮಾನ್ಯವಾಗಿ ಇದು ಎರಡು ಇಂಜೆಕ್ಷನ್. ಒಂದನ್ನು ಹಾಕಿಸಿ ಮೀನುಗಾರಿಕೆ ಬೋಟಿಗೆ ಹೋದವರು ಎರಡನೆಯದಕ್ಕೆ ಬರುವುದೇ ಇಲ್ಲ. ಕೆಲವರು ಎರಡನೆಯದನ್ನೇ ಮೊದಲು ಹಾಕಿಸಿರುತ್ತಾರೆ.

ಲಸಿಕೆ ಯಾಕೆ ಬೇಕು? ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ 30ಕ್ಕೂ ಹೆಚ್ಚು ಪ್ರೋಟೀನುಗಳಿವೆ. ಕೆಲವು ಬ್ಯಾಕ್ಟೀರಿಯಾಗಳನ್ನು ಇವು ನೇರವಾಗಿ ತೂತು ಕೊರೆದೇ ಸಾಯಿಸುತ್ತವೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಮುಂದೆ ಅದು ನಡೆಯುವುದಿಲ್ಲ. ಅದರ ಗೋಡೆ ದಪ್ಪ, ಮೇಲೊಂದು ಸಕ್ಕರೆಯ ಕವಚ ಬೇರೆ. ಮೊದಲು ದೇಹವೇ ತಯಾರಿಸುವ ಆ್ಯಂಟಿಬಾಡಿ ಎಂಬ ಪ್ರೋಟೀನು ಆ ಕವಚಕ್ಕೆ ಅಂಟಬೇಕು. ಆಗ ಕಾಂಪ್ಲಿಮೆಂಟಿನಲ್ಲೊಂದಾದ ಸಿ3 ಪ್ರೋಟೀನು ಬ್ಯಾಕ್ಟೀರಿಯಾದ ಮೈತುಂಬ ಕೂರುತ್ತದೆ, ಬಿಳಿ ರಕ್ತಕಣ ಬಂದು ನುಂಗುತ್ತದೆ. ಎಚ್‌ಐವಿಯಿಂದ ಸಿಡಿ4 ಎಂಬ ಬಿಳಿ ರಕ್ತಕಣ ಕಡಿಮೆಯಾದರೆ ಒಳ್ಳೆಯ ಆ್ಯಂಟಿಬಾಡಿ ಹುಟ್ಟುವುದು ಕಷ್ಟ. ಸಿ3 ರಕ್ತದಲ್ಲಿದ್ದರೂ ಸರಿಯಾಗಿ ಕೂರುವುದಿಲ್ಲ. ಲಸಿಕೆ ತುಂಬುವುದು ಈ ಕೊರತೆಯನ್ನೇ.

ಮೊದಲು ಸಿಡಿ4 ರಿಪೋರ್ಟ್ ಹಿಡಿದು ಎಆರ್‌ಟಿ ಕೇಂದ್ರದ ಡಾಕ್ಟರನ್ನು ಕಾಣಿ.

ಇನ್ನು ಮುಖ್ಯವಾದದ್ದು ಸರದಿ. ಮೊದಲು 13 ಬಗೆಯ ನ್ಯುಮೋಕಾಕಸ್ ತಡೆಯುವ ಪಿಸಿವಿ 13 ಲಸಿಕೆ. ಇದರಲ್ಲಿ ಸಕ್ಕರೆಯ ಜತೆ ಪ್ರೋಟೀನು ಜೋಡಿಸಿರುವುದರಿಂದ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಕನಿಷ್ಠ 8 ವಾರ ಬಿಟ್ಟು 23 ಬಗೆಗಳ ಬರೀ ಸಕ್ಕರೆಯ ಲಸಿಕೆ, ಪಿಪಿಎಸ್‌ವಿ 23. ಸಿಡಿ4 200ಕ್ಕಿಂತ ಕಡಿಮೆ ಇದ್ದರೂ ಮೊದಲನೆಯದನ್ನು ಮುಂದೂಡಬೇಡಿ. ಎರಡನೆಯದನ್ನು ಸಿಡಿ4 ಏರಿದ ಮೇಲೆ ಹಾಕಿಸುವುದು ಒಳ್ಳೆಯದು. ತಪ್ಪಿ 23 ಅನ್ನೇ ಮೊದಲು ಹಾಕಿಸಿದ್ದರೆ ಪಿಸಿವಿಗೆ ಒಂದು ವರ್ಷ ಕಾಯಬೇಕು. 20 ಬಗೆ ತಡೆಯುವ ಪಿಸಿವಿ 20 ಸಿಕ್ಕರೆ ಅದೊಂದೇ ಸಾಕು, ನಾನಂತೂ ಅದನ್ನೇ ಕೇಳಿ ಎನ್ನುತ್ತೇನೆ.

ಬೋಟಿನವರಿಗೆ ಒಂದು ಅನುಕೂಲ ಇದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಅಂದರೆ 61 ದಿನ. ಎಂಟು ವಾರಕ್ಕೆ ಬೇಕಾದದ್ದು 56 ದಿನ. ಜೂನ್ 5ರೊಳಗೆ ಮೊದಲನೆಯದು ಹಾಕಿಸಿದರೆ ಬೋಟು ಹೊರಡುವ ಮೊದಲೇ ಎರಡೂ ಮುಗಿಯುತ್ತವೆ. ತಾರೀಕನ್ನು ಎಆರ್‌ಟಿ ಪುಸ್ತಕದಲ್ಲೇ ಬರೆಸಿ. ಬಿಡಿ ಚೀಟಿ ಮಳೆಗಾಲದಲ್ಲಿ ಉಳಿಯುವುದಿಲ್ಲ.

ದೊಡ್ಡವರಿಗೆ ಇದನ್ನು ಸಾಮಾನ್ಯವಾಗಿ ದುಡ್ಡು ಕೊಟ್ಟೇ ತರಬೇಕು. ಅಷ್ಟು ಕೊಟ್ಟು ತಂದದ್ದನ್ನು ಮೀನಿನ ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ಮೇಲೆ ಇಡುವವರಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ. ಫ್ರಿಜ್ ಸರಿ ಇರುವ ಆಸ್ಪತ್ರೆಯಲ್ಲೇ ತರಿಸಿ, ಅಲ್ಲೇ ಹಾಕಿಸಿ.

ಕೈ ನೋವು, ಒಂದೆರಡು ದಿನ ಸಣ್ಣ ಜ್ವರ ಬಂದರೆ ಹೆದರಬೇಡಿ. ಲಸಿಕೆ ಆಯ್ತಲ್ವಾ ಎಂದು ಎಆರ್‌ಟಿ ಅಥವಾ ಬೇರೆ ಸೋಂಕು ಬಾರದಂತೆ ಕೊಡುವ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಮುಂದೆ ಯಾವಾಗಲಾದರೂ ನಡುಕದ ಜ್ವರ, ಕೆಮ್ಮುವಾಗ ಎದೆನೋವು, ಏದುಸಿರು ಬಂದರೆ ಮೆಡಿಕಲ್ ಶಾಪಿನಿಂದ ಸುಮ್ನೆ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಪುಸ್ತಕ ತೋರಿಸಿ.