ಕುಂಡದಲ್ಲೇ ಬೆಳೆಯಿರಿ ಗರುಗದ ಸೊಪ್ಪು

ಗದ್ದೆ ಬದು, ನಾಲೆ ಏರಿ, ಬಚ್ಚಲ ನೀರು ಹರಿಯುವ ಜಾಗ. ಎಲ್ಲಿ ತೇವ ಆರುವುದಿಲ್ಲವೋ ಅಲ್ಲೆಲ್ಲ ಗರುಗದ ಸೊಪ್ಪು ತಾನಾಗೇ ಹುಟ್ಟುತ್ತದೆ. ಭತ್ತದ ರೈತರಿಗೆ ಇದು ಕಳೆ. ಕೂದಲಿಗೆ ಎಣ್ಣೆ ಕಾಯಿಸುವವರಿಗೆ ಇದೇ ಭೃಂಗರಾಜ.

ಸುಮ್ನೆ ಸಿಗುವುದನ್ನು ಬೆಳೆಸುವುದೇಕೆ? ಗದ್ದೆಗೆ ಹೊಡೆಯುವ ಕಳೆನಾಶಕ ಬದುವಿನ ಗಿಡಕ್ಕೂ ತಾಗುತ್ತದೆ. ಊರೊಳಗೆ ಸಿಗುವುದು ಹೆಚ್ಚಾಗಿ ಚರಂಡಿ ಪಕ್ಕದ ಗಿಡ. ತಲೆಗೆ ಹಚ್ಚಲು, ತಂಬುಳಿ ಮಾಡಲು ಅಂಥ ಸೊಪ್ಪು ಖಂಡಿತ ಬೇಡ.

ಮೊದಲು ಗಿಡ ಗುರುತಿಸಿ

ಗರುಗ ಸೂರ್ಯಕಾಂತಿ, ಸೇವಂತಿಗೆಯ ಕುಟುಂಬದ್ದು. ಅಂಗಿ ಗುಂಡಿಗಿಂತ ಚಿಕ್ಕ ಬಿಳಿ ಹೂವು. ಕೆಂಪು ಛಾಯೆಯ ಕಾಂಡ, ಎದುರುಬದುರು ಎಲೆ. ಸವರಿದರೆ ಎರಡೂ ಒರಟು.

ಮೋಸ ಹೋಗುವುದು ಟ್ರೈಡ್ಯಾಕ್ಸ್ ಎಂಬ ಕಳೆ ಗಿಡ ನೋಡಿ. ರಸ್ತೆ ಬದಿಯ ಒಣ ನೆಲದಲ್ಲೂ ಅದು ಬೆಳೆಯುತ್ತದೆ. ಅದರ ಹೂವಿನ ನಡುಭಾಗ ಹಳದಿ, ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಒಂದು ಹೂವು. ಅನುಮಾನ ಬಂದರೆ ಗರುಗದ ಎಲೆ, ಕಾಂಡ ಕಿತ್ತು ಅಂಗೈಯಲ್ಲಿ ಹೊಸಕಿ ಸ್ವಲ್ಪ ಹೊತ್ತು ಬಿಡಿ. ಹಸಿರು ರಸ ಗಾಳಿಗೆ ಕಪ್ಪಗಾಗುತ್ತದೆ. ಹಿಂದೆ ಹಚ್ಚೆಗೂ ಈ ರಸ ಬಳಸುತ್ತಿದ್ದರು.

ಬೀಜ ಮುಚ್ಚಬೇಡಿ

ದಳ ಉದುರಿದ ಮೇಲೆ ಹೂವಿನ ತಲೆ ಹಸಿರು ಬಿಲ್ಲೆಯಂತೆ ಉಳಿದು, ಆಮೇಲೆ ಕಪ್ಪಾಗುತ್ತದೆ. ಆಗ ಬೆರಳಲ್ಲಿ ಉಜ್ಜಿದರೆ ಬೀಜ ಉದುರುತ್ತವೆ.

ಅಗಲ ಬಾಯಿಯ ಕುಂಡಕ್ಕೆ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬೀಜ ಚೆಲ್ಲಿ ಅಂಗೈಯಿಂದ ಮೆಲ್ಲಗೆ ಒತ್ತಿ, ಅಷ್ಟೇ. ಮೇಲೆ ಮಣ್ಣು ಹಾಕಬೇಡಿ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಆಳಕ್ಕೆ ಹೋದರೆ ಏಳುವುದಿಲ್ಲ. ನೀರನ್ನು ಸುರಿಯದೆ ಚಿಮುಕಿಸಿ.

ಬೀಜ ಸಿಗಲಿಲ್ವಾ? ಕಾಂಡದ ತುಂಡು ನೆಟ್ಟರೂ ಆಗುತ್ತದೆ. ಎರಡು ಗಿಣ್ಣು ಮಣ್ಣೊಳಗೆ ಇರಲಿ, ಗಿಣ್ಣಿನಲ್ಲೇ ಬೇರು ಬಿಡುತ್ತದೆ. ಬದುವಿನಿಂದ ತಂದ ತುಂಡಾದರೆ ಅದರ ಹಳೇ ಎಲೆಗಳನ್ನು ಬಳಸದೆ, ಹೊಸ ಚಿಗುರಿಗೆ ಕಾಯಿರಿ.

ಸಸಿ ನಾಲ್ಕಾರು ಎಲೆ ಬಿಟ್ಟಾಗ ಗೇಣಿಗೊಂದರಂತೆ ಬಿಡಿಸಿ ನೆಡಿ. ಬಿಸಿಲು ಚೆನ್ನಾಗಿರಲಿ. ನೀರಿನಲ್ಲಿ ಮಾತ್ರ ಜಿಪುಣತನ ಬೇಡ. ಎರಡು ದಿನ ಮಣ್ಣು ಒಣಗಿದರೂ ಗಿಡ ಜೋತು ಬೀಳುತ್ತದೆ. ಜೂನ್ ಮಳೆಗೆ ಶುರು ಮಾಡಿದರೆ ಕೆಲಸ ಹಗುರ.

ಕೊಯ್ಲು ಯಾವಾಗ?

ಹೂವು ಬಿಡಲು ಶುರುವಾದಾಗ. ಬುಡದಿಂದ ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಒಂದೆರಡು ಗಿಡ ಮಾತ್ರ ಬೀಜಕ್ಕೆ ಬಿಡಿ. ಎಲ್ಲವನ್ನೂ ಬಿಟ್ಟರೆ ಪಕ್ಕದ ಕುಂಡಗಳಲ್ಲೂ ಗರುಗವೇ ಆಗುತ್ತದೆ. ಒಣಗಿಸಿ ಇಡುವುದಾದರೆ ನೆರಳಲ್ಲಿ ತೆಳ್ಳಗೆ ಹರಡಿ.

ಎಣ್ಣೆ ಕಾಯಿಸುವುದು

ಹಳೇ ಲೆಕ್ಕದಲ್ಲಿ ಒಂದು ಲೋಟ ಎಳ್ಳೆಣ್ಣೆಗೆ ನಾಲ್ಕು ಲೋಟ ರಸ. ಸೊಪ್ಪು ತೊಳೆದು, ಸ್ವಲ್ಪವೇ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ, ರಸ ಎರಡನ್ನೂ ಹಾಕಿ ಸಣ್ಣ ಉರಿಯಲ್ಲಿ ಇಡಿ. ತುಂಬಾ ಹೊತ್ತು ಹಿಡಿಯುತ್ತದೆ, ಉರಿ ಜಾಸ್ತಿ ಮಾಡಬೇಡಿ. ತಳ ಹತ್ತಿದರೆ ಎಣ್ಣೆಯೆಲ್ಲ ಸೀದ ವಾಸನೆ. ಆಗಾಗ ತಳ ಕೆರೆದು ಕೈಯಾಡಿಸಿ.

ನೀರಿನಂಶ ಹೋಗಿದೆಯೋ ಇಲ್ಲವೋ ತಿಳಿಯಲು ಹತ್ತಿಯ ಬತ್ತಿಗೆ ಒಂದು ಹನಿ ಎಣ್ಣೆ ಮುಟ್ಟಿಸಿ, ಬಾಣಲೆಯಿಂದ ದೂರ ಹೋಗಿ ಹಚ್ಚಿ. ಚಟಚಟ ಅಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಇಳಿಸಿ. ಆರಿದ ಮೇಲೆ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ತುಂಬಿ. ನೀರು ಉಳಿದ ಎಣ್ಣೆ ಬೇಗ ಕೆಡುತ್ತದೆ.

ಪಾರ್ಥೇನಿಯಂ ಕೂಡ ಇದೇ ಕುಟುಂಬದ ಗಿಡ. ಅದು ತಾಗಿದರೆ ಮೈ ತುರಿಸುವವರು ಈ ಎಣ್ಣೆಯನ್ನು ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ, ಒಂದು ದಿನ ನೋಡಿ. ಇನ್ನು ಕಾಮಾಲೆಗೆ ಗರುಗದ ರಸ ಕುಡಿಸುವ ರೂಢಿ ಇದೆ. ದಯವಿಟ್ಟು ಅದನ್ನು ಮನೆಯಲ್ಲಿ ಮಾಡಬೇಡಿ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ.