ಫೋನ್‌ಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ

2020ರ ಮಾರ್ಚ್‌ನಲ್ಲಿ, ಕೊರೊನಾ ಹರಡುತ್ತಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆ ‘ಸಾಮಾಜಿಕ ಅಂತರ’ ಅನ್ನುವ ಬದಲು ‘ದೈಹಿಕ ಅಂತರ’ ಅನ್ನಲು ಶುರು ಮಾಡಿತು. ದೂರ ಇರಬೇಕಾದ್ದು ಮೈ ತಾನೆ, ಮಾತಲ್ಲವಲ್ಲ!

ದೂರವಿದ್ದೂ ಮಾತು ನಿಲ್ಲದಿರಲು ನಾನು ಮಾಡಿಕೊಂಡ ಉಪಾಯ ಇದು. ದಿನಾ ಸಂಜೆ ಏಳಕ್ಕೆ ಒಬ್ಬರಿಗೆ ಫೋನ್. ಒಂಟಿಯಾಗಿರುವ ಹಿರಿಯರಿಂದ ಶುರು ಮಾಡಿ. ವಿಡಿಯೊ ಬೇಡ, ಸುಸ್ತು ಜಾಸ್ತಿ. ಬಟ್ಟೆ ಮಡಚುತ್ತಾ ಮಾತಾಡಿ. “ಹೇಗಿದ್ದೀರಿ” ಅಂದರೆ “ಚೆನ್ನಾಗಿದ್ದೀನಿ” ಅಂತ ಅಲ್ಲಿಗೇ ಮುಗಿಯುತ್ತದೆ. “ನಿನ್ನೆ ನಿದ್ದೆ ಬಂತಾ?” ಅಂತ ಕೇಳಿ ನೋಡಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸೋಂಕಿನ ಸುದ್ದಿಯನ್ನು ಐದೇ ನಿಮಿಷದಲ್ಲಿ ಮುಗಿಸಿ (ನನಗೂ ಕಷ್ಟವೇ). ಫೋನ್ ಇಡುವ ಮೊದಲು ಇಬ್ಬರೂ ಒಂದೇ ಸಣ್ಣ ಕೆಲಸ ಒಪ್ಪಿಕೊಳ್ಳಿ, ಕುಂಡದಲ್ಲಿ ಬೀಜ ಹಾಕುವಂಥದ್ದು. ಮೊಳಕೆ ಬಂತಾ ಅಂತ ಕೇಳಲು ಆಮೇಲೆ ಅವರೇ ಫೋನ್ ಮಾಡುತ್ತಾರೆ.